ಉತ್ತರಕ್ಕೆ ಮುಖ ಮಾಡಿದ ಕಲ್ಲಿನ ಸೈನಿಕ

ಪ್ರೀತಿಯ ಗೆಳೆಯಾ,

ನಿನಗೆ ಪತ್ರ ಬರೆದು ಎಷ್ಟು ವರ್ಷವಾಯಿತೋ. ವಾಟ್ಸಾಪ್‌ನಲ್ಲೇ ಹೇಳೋಣ ಅಂದುಕೊಂಡೆ, ಆದರೆ ಇದು ಎರಡು ಸಾಲಿನಲ್ಲಿ ಮುಗಿಯುವ ವಿಷಯವಲ್ಲ.

ಹೋದ ತಿಂಗಳು ಗ್ರಹಾಂ ಅನ್ನುವ ಊರಿಗೆ ಹೋಗಬೇಕಾಯಿತು. ಅಮೆರಿಕದ ಇದೇ ನಾರ್ತ್ ಕೆರೊಲಿನಾ ರಾಜ್ಯದಲ್ಲಿ, ಅಲಮಾನ್ಸ್ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಕೋರ್ಟ್ ಇರುವ ಸಣ್ಣ ಊರು. ನಾನಿರುವ ಕ್ಯಾರಿ ಊರಿನಿಂದ ಕಾರಿನಲ್ಲಿ ಹತ್ತಿರ ಹತ್ತಿರ ಒಂದು ತಾಸು. ಹೈವೇಯಲ್ಲಿ ಜೋರಾಗಿ ಓಡಿಸಿ ಟಿಕೆಟ್ ಹಾಕಿಸಿಕೊಂಡಿದ್ದೆ. ತಪ್ಪು ನನ್ನದೇ, ಬಿಡು. ಕೆಲಸ ಬೇಗ ಮುಗಿಯಿತು. ಸುಮ್ನೆ ಹಳೆಯ ಕೋರ್ಟ್ ಕಡೆ ನಡೆದೆ. ಊರಿನ ನಟ್ಟನಡುವೆ ಇದೆ. ರಸ್ತೆಗಳೆಲ್ಲ ಅದನ್ನು ಬಳಸಿಕೊಂಡೇ ಹೋಗಬೇಕು, ನಮ್ಮ ಕಡೆಯ ಸರ್ಕಲ್ ಹಾಗೆ.

ಕೋರ್ಟ್ ಎದುರು ಎತ್ತರದ ಕಂಬ. ಅದರ ಮೇಲೆ ಕೋವಿ ಊರಿ ನಿಂತ ಕಲ್ಲಿನ ಸೈನಿಕ. ಕತ್ತೆತ್ತಿ ನೋಡಬೇಕು. ಸುತ್ತ ಕಬ್ಬಿಣದ ಬೇಲಿ. ಸೈನಿಕನ ಮುಖ ಉತ್ತರಕ್ಕೆ, ಅಂದರೆ ಶತ್ರು ಬರುವ ದಿಕ್ಕಿಗೆ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ದಕ್ಷಿಣದ ಪರ, ಅಂದರೆ ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ರಾಜ್ಯಗಳ ಪರ ಹೋರಾಡಿದವರ ನೆನಪಿಗೆ ನಿಲ್ಲಿಸಿದ್ದು. ನಿಲ್ಲಿಸಿದ್ದು ಯಾವಾಗ ಗೊತ್ತಾ? 1914ರಲ್ಲಿ. ಯುದ್ಧ ಮುಗಿದು 49 ವರ್ಷದ ಮೇಲೆ! ಹಿಂದಿರುವ ಕೋರ್ಟ್ ಕಟ್ಟಡವೇ 1924ರದ್ದು, ಸೈನಿಕ ಅದಕ್ಕಿಂತ ಹಿರಿಯ. ದಕ್ಷಿಣದ ಊರೂರಲ್ಲಿ ಕೋರ್ಟ್ ಮುಂದೆ ಇಂಥವು ಎದ್ದದ್ದು ಹೆಚ್ಚಾಗಿ ಆಗಲೇ. ಕರಿಯರ ಮತದ ಹಕ್ಕು ಕಿತ್ತುಕೊಂಡು, ಅವರಿಗೆ ಬೇರೆ ಶಾಲೆ, ಬೇರೆ ರೈಲು ಡಬ್ಬಿ ಅಂತ ಕಾನೂನು ಮಾಡಿದ ಕಾಲ. ನ್ಯಾಯ ಕೇಳಲು ಬಂದವರು ಮೊದಲು ಈ ಸೈನಿಕನನ್ನು ದಾಟಿ ಹೋಗಬೇಕಿತ್ತು.

ಮನೆಗೆ ಬಂದು ಓದುತ್ತಾ ಹೋದೆ, ನಿದ್ದೆ ಹಾರಿಹೋಯಿತು. ಅದೇ ಚೌಕದಲ್ಲಿ ಒಂದು ಎಲ್ಮ್ ಮರವಿತ್ತಂತೆ. 1870ರ ಫೆಬ್ರವರಿ 26ರ ರಾತ್ರಿ ವ್ಯಾಟ್ ಔಟ್‌ಲಾ ಎಂಬಾತನನ್ನು ಮನೆಯಿಂದ ಎಳೆದು ತಂದು ಆ ಮರಕ್ಕೆ ನೇಣು ಹಾಕಿದರು. ಮರಗೆಲಸದ ಅಂಗಡಿ ಇಟ್ಟುಕೊಂಡಿದ್ದ ಕರಿಯ. ಊರಿನ ಆಡಳಿತ ಮಂಡಳಿಯ ಸದಸ್ಯ, ಊರ ಕಾವಲಿನ ಕಾನ್‌ಸ್ಟೇಬಲ್ ಕೂಡ. ಕೊಂದವರು ಮುಸುಕು ಹಾಕಿದ ಕೂ ಕ್ಲಕ್ಸ್ ಕ್ಲಾನ್‌ನವರು, ಕರಿಯರನ್ನು ಹೆದರಿಸಿ ತುಳಿಯುತ್ತಿದ್ದ ಬಿಳಿಯರ ಗುಪ್ತ ಗುಂಪು. ಹೆಣದ ಮೇಲೆ ಎಚ್ಚರಿಕೆಯ ಚೀಟಿ ಬೇರೆ. ಯೋಚಿಸು, ಆಗಲೇ ಯುದ್ಧ ಮುಗಿದು ಸುಮಾರು ಐದು ವರ್ಷವಾಗಿತ್ತು.

ಗವರ್ನರ್ ಹೋಲ್ಡನ್ ಸೈನ್ಯ ಕಳಿಸಿ ಕ್ಲಾನ್‌ನವರನ್ನು ಹಿಡಿಸಿದ. ಅದಕ್ಕೇ ಆತನನ್ನೇ ಮಹಾಭಿಯೋಗ ಮಾಡಿ 1871ರಲ್ಲಿ ಕುರ್ಚಿಯಿಂದ ಇಳಿಸಿದರು. ಮುಂದೆ ಕೊಲೆಯ ಆರೋಪ ಹೊತ್ತವರಿಗೂ ಶಿಕ್ಷೆಯಾಗಲಿಲ್ಲ, ಅವರ ಮೇಲೆ ಕೇಸು ಹಾಕಿದ್ದ ಕಾನೂನನ್ನೇ ಶಾಸನಸಭೆ ರದ್ದು ಮಾಡಿ ಅವರನ್ನು ಉಳಿಸಿತು.

ಈಗ ಆ ಸೈನಿಕನಿಗೂ ಕಾನೂನೇ ಕಾವಲು. 2015ರಲ್ಲಿ ರಾಜ್ಯ ಸರ್ಕಾರ ಇಂಥ ಸ್ಮಾರಕಗಳನ್ನು ಸುಲಭಕ್ಕೆ ತೆಗೆಯದಂತೆ ಕಟ್ಟು ಹಾಕಿತು. ತೆಗೆಸಿ ಅಂತ ಕೋರ್ಟಿಗೆ ಹೋದವರಿಗೆ 2024ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಹೇಳಿತು: ತೆಗೆಯುವ ಅಧಿಕಾರ ಕೌಂಟಿಗಿಲ್ಲ. ಪಕ್ಕದ ಚಾಥಮ್ ಕೌಂಟಿಯ ಪಿಟ್ಸ್‌ಬರೋದಲ್ಲಿ ಮಾತ್ರ 2019ರ ನವೆಂಬರಿನಲ್ಲಿ ರಾತ್ರೋರಾತ್ರಿ ಕ್ರೇನ್ ತಂದು ಇಳಿಸಿಬಿಟ್ಟರು. ಅದೇ ರಾಜ್ಯ, ಅದೇ ಥರದ ಸೈನಿಕ. ನೋಡು ಎಂಥ ವಿಚಿತ್ರ.

ತೆಗೆಯಬೇಕೋ ಬೇಡವೋ ಅಂತ ಹೇಳಲು ನಾನ್ಯಾರು, ಹೊರಗಿನಿಂದ ಬಂದವನು ಅಂತ ಮೊದಲು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಹೊರಗಿನವನೂ ಅದರ ಕೆಳಗೇ ನಡೆದು ಹೋಗಬೇಕಲ್ವಾ? ತೆಗೆದರೇ ಒಳ್ಳೆಯದು ಮಾರಾಯ.

ನಮ್ಮೂರ ಕೆರೆ ಏರಿಯ ಮೇಲೆ ವೀರಗಲ್ಲಿತ್ತಲ್ಲ, ಈಜುವಾಗ ಅದರ ಮೇಲೇ ಅಂಗಿ ಬಿಚ್ಚಿಡುತ್ತಿದ್ದೆವು, ನೆನಪಿದೆಯಾ? ಅದರಲ್ಲಿ ಬಿದ್ದವನ ಹೆಸರು ಕೊರೆದಿತ್ತಾ, ಬರೀ ಚಿತ್ರವಿತ್ತಾ? ಆಗ ನೋಡಲೇ ಇಲ್ಲ. ದಸರೆಗೆ ಊರಿಗೆ ಹೋದಾಗ ಕೊಂಚ ಸುಣ್ಣ, ಮಣ್ಣು ಕೆರೆದು ಒಂದು ಫೋಟೋ ಕಳಿಸು.

ನಿನ್ನವನೇ