ನಾಲ್ಕಕ್ಕೆ ಎಬ್ಬಿಸುತ್ತೀರಿ, ಮಲಗಿಸೋದು ಎಷ್ಟಕ್ಕೆ?

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತು ಅಂದರೆ ನಮ್ಮ ಶಿರಸಿ ಕಡೆ ಹಳ್ಳಿಗಳಲ್ಲಿ ಒಂದೇ ಮಾತು, ‘ನಿಮ್ಮ ಹುಡುಗ ಎಷ್ಟಕ್ಕೆ ಏಳ್ತಾನೆ?’ ನಾಲ್ಕಕ್ಕೆ ಅಂದರೆ ಭೇಷ್. ಆರಕ್ಕೆ ಅಂದರೆ ಈ ಮನೆಯವರಿಗೆ ಮಕ್ಕಳ ಓದಿನ ಚಿಂತೆಯೇ ಇಲ್ಲ ಅನ್ನುವ ಹಾಗೆ ಮುಖ ನೋಡುತ್ತಾರೆ. ಎಷ್ಟಕ್ಕೆ ಮಲಗ್ತಾನೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೆಲವು ಶಾಲೆಗಳ ಮಾಸ್ತರು, ಅಕ್ಕೋರು ಬೆಳಗಿನ ಜಾವವೇ ಮನೆಗೆ ಫೋನ್ ಮಾಡಿ ಮಕ್ಕಳು ಎದ್ದಿದ್ದಾರಾ ಅಂತ ವಿಚಾರಿಸುತ್ತಾರೆ. ಅವರ ಕಾಳಜಿ ನಿಜವಾದದ್ದು, ಅವರೂ ತಮ್ಮ ನಿದ್ದೆ ಬಿಟ್ಟೇ ಈ ಕೆಲಸ ಮಾಡುವುದು. ಆದರೂ ಇದು ತಪ್ಪು ಅಂತಲೇ ನನಗೆ ಅನಿಸುತ್ತದೆ.

ಹತ್ತನೇ ತರಗತಿಯ ಹುಡುಗಿ ರಾತ್ರಿ ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಎದ್ದರೆ ಸಿಕ್ಕಿದ್ದು ಐದೇ ತಾಸು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು ಅನ್ನುತ್ತಾರೆ ತಜ್ಞರು. ದೊಡ್ಡವರಿಗೇ ಕಡಿಮೆ ಅಂದರೂ 7 ತಾಸು ಬೇಕು.

‘ನಾವೆಲ್ಲ ನಾಲ್ಕಕ್ಕೆ ಏಳ್ತಿರಲಿಲ್ವಾ?’ ಅಂತ ಹಿರಿಯರು ಕೇಳುತ್ತಾರೆ. ಏಳ್ತಿದ್ದಿರಿ, ಯಾರು ಇಲ್ಲ ಅಂದರು? ಆದರೆ ಎಂಟೂವರೆಗೆಲ್ಲ ಊಟ ಮುಗಿದು ಚಿಮಣಿ ದೀಪ ಆರುತ್ತಿತ್ತು. ಅಡಕೆ ಸುಲಿಯುವ ದಿನಗಳಲ್ಲಿ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತಿದ್ದು ಹೌದು, ಯಕ್ಷಗಾನದ ಆಟಕ್ಕೆ ಹೋದರೆ ಬೆಳಗಾಗುವ ತನಕ ನೋಡಿದ್ದೂ ಹೌದು, ಆದರೆ ಮರುದಿನ ಊಟ ಆದಮೇಲೆ ಜಗಲಿಯಲ್ಲಿ ಬಿದ್ದುಕೊಂಡು ಗೊರಕೆ ಹೊಡೆದಿದ್ದನ್ನು ಯಾಕೆ ಹೇಳುವುದಿಲ್ಲ? ಈಗಿನ ಮಕ್ಕಳಿಗೆ ಆ ಜಗಲಿ ನಿದ್ದೆ ಎಲ್ಲಿದೆ? ಮಧ್ಯಾಹ್ನ ಗಣಿತದ ಕ್ಲಾಸಲ್ಲಿ ತೂಗಡಿಸಿದರೆ ಬೈಗುಳ. (ಆಟವೇ ಈಗ ಎಷ್ಟೋ ಕಡೆ ಕಾಲಮಿತಿಗೆ ಬಂದಿದೆ. ನನ್ನಂಥವರಿಗೆ ಸ್ವಲ್ಪ ಬೇಸರ, ಅದು ಬೇರೆ ವಿಷಯ.)

ಇನ್ನೊಂದು ವಿಷಯ ಪಾಲಕರಿಗೆ ಗೊತ್ತಿರಬೇಕು. ನಿದ್ದೆ ಬರಿಸುವ ಮೆಲಟೋನಿನ್ ಅನ್ನುವ ಹಾರ್ಮೋನು ಹದಿಹರೆಯದಲ್ಲಿ ರಾತ್ರಿ ತಡವಾಗಿ ಏರುತ್ತದೆ, ಬೆಳಿಗ್ಗೆ ತಡವಾಗಿ ಇಳಿಯುತ್ತದೆ. ಹುಡುಗರಿಗೆ ಬೇಗ ನಿದ್ದೆ ಬಾರದೇ ಇರುವುದು, ಬೆಳಿಗ್ಗೆ ಏಳಲಾಗದೇ ಇರುವುದು ಎಲ್ಲವೂ ಸೋಮಾರಿತನ ಅಲ್ಲ. ಇದನ್ನು ಒಪ್ಪಿಕೊಂಡೇ ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 2014ರಲ್ಲಿ, ಹೈಸ್ಕೂಲು ಎಂಟೂವರೆಗಿಂತ ಮೊದಲು ಶುರುವಾಗಬಾರದು ಅಂತ ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಅದು ಕಾನೂನೇ ಆಗಿದೆ. ನಮ್ಮಲ್ಲಿ ತೊಂದರೆ ಶಾಲೆಯ ಗಂಟೆಯದ್ದಲ್ಲ, ಬಸ್ಸಿನದು. ತೋಟ, ಗದ್ದೆ ದಾಟಿ ನಡೆದುಬಂದು ಮೊದಲ ಬಸ್ ಹಿಡಿಯುವ ಮಕ್ಕಳಿಗೆ ಅದೊಂದು ತಪ್ಪಿದರೆ ಅವತ್ತಿನ ಶಾಲೆಯೇ ತಪ್ಪಿದ ಹಾಗೆ. ಅಂದಮೇಲೆ ಬೆಳಗಿನ ಕಡೆ ಎಳೆಯಲು ಜಾಗವೇ ಇಲ್ಲ, ಸರಿ ಮಾಡುವುದಿದ್ದರೆ ರಾತ್ರಿಯನ್ನೇ ಮಾಡಬೇಕು.

ರಾತ್ರಿ ಮನೆಗಳಲ್ಲಿ ಏನಾಗುತ್ತಿದೆ ನೋಡಿ. ಸಂಜೆ ದೀಪ ಹಚ್ಚಿದ ಹೊತ್ತಿಗೆ ಶುರುವಾದ ಟಿವಿ ಧಾರಾವಾಹಿ ಹತ್ತರ ತನಕ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. ಅದೇ ಕೋಣೆಯಲ್ಲಿ, ಆ ಅಳು, ಜಗಳದ ನಡುವೆ ಹುಡುಗ ಸಮಾಜ ಓದಬೇಕು. ಮನೆ ಸುಮ್ಮನಾದಮೇಲೆ ಅವನ ಓದು ಶುರು. ಆಗ ನಿದ್ದೆ ಬರಬಾರದು ಅಂತ ಪ್ರೀತಿಯಿಂದ ಒಂದು ಲೋಟ ಚಾ ಬೇರೆ. ಚಾ, ಕಾಫಿಯ ಕೆಫೀನು ಐದಾರು ತಾಸು ಕಳೆದರೂ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ, ಹಾಗಾಗಿ ಪುಸ್ತಕ ಮುಚ್ಚಿದ ಮೇಲೂ ಹುಡುಗ ಹಾಸಿಗೆಯಲ್ಲಿ ಹೊರಳಾಡುತ್ತಾನೆ. ಮೊಬೈಲ್ ತೆಗೆದಿಡು ಅನ್ನೋಣ ಅಂದರೆ ಶಾಲೆಯ ನೋಟ್ಸೇ ರಾತ್ರಿ ಹತ್ತಕ್ಕೆ ವಾಟ್ಸಾಪ್ ಗ್ರೂಪಿಗೆ ಬರುತ್ತದೆ!

ಜಾಗರಣೆ ಮಾಡಿ ಓದಿದ್ದು ತಲೆಯಲ್ಲಿ ನಿಲ್ಲುವುದೂ ಕಷ್ಟ. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲೇ. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲಿ, ಕನಸಿನ ನಿದ್ದೆ ಹೆಚ್ಚಾಗಿ ಬೆಳಗಿನ ಕಡೆ. ಎರಡೂ ಬೇಕು. ನಾಲ್ಕರ ಅಲಾರಂ ಈ ಎರಡನೆಯದಕ್ಕೇ ಕತ್ತರಿ ಹಾಕುತ್ತದೆ. ನಿದ್ದೆಗೆಟ್ಟ ಮಕ್ಕಳಿಗೆ ಸಿಡಿಮಿಡಿ ಜಾಸ್ತಿ, ಶೀತವೂ ಬೇಗ ಅಂಟುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಬಿಪಿ, ಸಕ್ಕರೆ ಕಾಯಿಲೆಗೂ ದಾರಿ.

ಮೈಕಿನ ವಿಷಯ ಹೇಳದೆ ಇರಲಾರೆ. ಪರೀಕ್ಷೆಯ ಕಾಲವೂ ಜಾತ್ರೆ, ತೇರು, ಆಟದ ಕಾಲವೂ ನಮ್ಮಲ್ಲಿ ಒಟ್ಟಿಗೇ ಬರುತ್ತವೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬಕ್ಕೆ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಸರ್ಕಾರ ಸಡಿಲಿಕೆ ಕೊಡಬಹುದು, ಅದೂ ಹನ್ನೆರಡರ ತನಕ, ವರ್ಷಕ್ಕೆ 15 ದಿನ ಮೀರದಂತೆ. ಜಾತ್ರೆ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಸಭೆಯಲ್ಲಿ ಕೂತವರಿಗೆ ಕೇಳಿದರೆ ಸಾಕಲ್ವಾ? ಗುಡ್ಡದಾಚೆಯ ಊರಿಗೂ ಕೇಳಬೇಕು ಅನ್ನುವ ಹಟ ಯಾಕೆ?

‘ಹಾಗಾದರೆ ಓದೋದು ಯಾವಾಗ?’ ಅನ್ನಬಹುದು. ಸಂಜೆ ಟಿವಿ ಬಂದ್ ಆದರೆ ಒಂಬತ್ತೂವರೆ ಒಳಗೆ ಎರಡೂವರೆ ತಾಸು ಸಲೀಸಾಗಿ ಸಿಗುತ್ತದೆ. ಹತ್ತಕ್ಕೆ ಮಲಗಿ ಆರಕ್ಕೆ ಎದ್ದರೆ ಎಂಟು ತಾಸು ನಿದ್ದೆ.

ಮಾಸ್ತರಲ್ಲಿ, ಅಕ್ಕೋರಲ್ಲಿ ನನ್ನ ವಿನಂತಿ ಇಷ್ಟೇ. ಫೋನ್ ಮಾಡುವುದನ್ನು ಬಿಡಬೇಡಿ, ಹೊತ್ತು ಮಾತ್ರ ಬದಲಿಸಿ. ರಾತ್ರಿ ಒಂಬತ್ತೂವರೆಗೆ ಮಾಡಿ, ‘ಟಿವಿ ಬಂದ್ ಆಯ್ತಾ, ಹುಡುಗ ಮಲಗೋಕೆ ಹೊರಟನಾ’ ಅಂತ ನಮ್ಮನ್ನು, ಪಾಲಕರನ್ನು, ಕೇಳಿ. ನೋಟ್ಸ್ ಎಂಟರೊಳಗೆ ಕಳಿಸಿ. ಬೆಳಿಗ್ಗೆ ನಿಮಗೂ ಎರಡು ತಾಸು ನಿದ್ದೆ ಜಾಸ್ತಿ ಸಿಗುತ್ತದೆ.

– ಒಬ್ಬ ಪಾಲಕ, ಶಿರಸಿ ತಾಲ್ಲೂಕು