ಹಿಮ್ಮಡಿ ನೋಡಿ ಮೂಳೆ ಗಟ್ಟಿ ಎನ್ನಬೇಡಿ

ಮಾನ್ಯರೇ,

ನಮ್ಮ ಕಡೆ ಉಚಿತ ಮೂಳೆ ತಪಾಸಣೆ ಶಿಬಿರಗಳು ನಡೆಯುತ್ತಿರುತ್ತವೆ. ನಡೆಸುವವರ ಮನಸ್ಸು ಒಳ್ಳೆಯದೇ. ಆದರೆ ಅಲ್ಲಿ ಹಿಮ್ಮಡಿಯನ್ನು ಒಂದು ಸಣ್ಣ ಅಲ್ಟ್ರಾಸೌಂಡ್ ಯಂತ್ರದಲ್ಲಿ ಇಡಿಸಿ, ಕೈಗೊಂದು ಚೀಟಿ ಕೊಟ್ಟು ಕಳಿಸುತ್ತಾರೆ. ‘ನಿಮಗೆ ಏನೂ ತೊಂದರೆ ಇಲ್ಲ’ ಎಂದರೆ ಹೆಂಗಸರು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಆ ನೆಮ್ಮದಿಯೇ ನನಗೆ ಹೆದರಿಕೆ ಹುಟ್ಟಿಸುತ್ತದೆ.

ನಾನು ಬದಿಯಡ್ಕದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ನನ್ನ ಅಳತೆ ಪುಸ್ತಕದಲ್ಲಿ ಎಷ್ಟೋ ವರ್ಷದ ಹಿಂದಿನ ಅಳತೆಗಳಿವೆ. ವಯಸ್ಸಾದವರು ‘ಹಳೇ ಅಳತೆಯೇ ಸಾಕು ಮಗಳೇ’ ಎನ್ನುತ್ತಾರೆ. ಹಾಗೇ ಹೊಲಿದರೆ ನೈಟಿ ನೆಲಕ್ಕೆ ತಾಗುತ್ತದೆ. ರವಿಕೆ ಮುಂದೆ ಮಡಿಕೆ ಬೀಳುತ್ತದೆ, ಹಿಂದೆ ಮೇಲಕ್ಕೆ ಎಳೆಯುತ್ತದೆ. ಮೂಳೆ ಸವೆದು ಬೆನ್ನುಮೂಳೆಯ ಮಣಿಗಳು ಕುಸಿದು ಆಳೇ ಗಿಡ್ಡವಾಗಿರುತ್ತಾರೆ. ಎಷ್ಟೋ ಸಲ ಬಿದ್ದ ನೆನಪೂ ಇರುವುದಿಲ್ಲ. ವಯಸ್ಸಾಯಿತು, ಬೆನ್ನುನೋವು ಎಂದು ಎಣ್ಣೆ ತಿಕ್ಕಿಸಿಕೊಂಡು ಸುಮ್ನೆ ಕೂರುತ್ತಾರೆ. ಪ್ರಾಯದಲ್ಲಿದ್ದ ಎತ್ತರಕ್ಕಿಂತ ಒಂದೂವರೆ ಇಂಚು ಕಡಿಮೆಯಾಗಿದ್ದರೆ ಬೆನ್ನಿನ ಎಕ್ಸರೇ ತೆಗೆಸಲೇಬೇಕು.

ನನ್ನ ದೊಡ್ಡಮ್ಮನಿಗೂ ಶಿಬಿರದಲ್ಲಿ ಮೂಳೆ ಚೆನ್ನಾಗಿದೆ ಎಂದೇ ಹೇಳಿದ್ದರು. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಕೈ ಊರಿದರು, ಮಣಿಗಂಟು ಮುರಿಯಿತು. ನಿಂತಲ್ಲೇ ಬಿದ್ದು ಮೂಳೆ ಮುರಿದರೆ ಸವಕಳಿ ಇದೆಯಾ ಎಂದು ನೋಡಬೇಕು ಎಂದು ಮಂಗಳೂರಿನ ಡಾಕ್ಟರು ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟರು.

ಡೆಕ್ಸಾ ಎಂದರೆ ಹೆದರುವಂಥದ್ದೇನಲ್ಲ. ಮಲಗಿಸಿ, ತೀರಾ ಕಡಿಮೆ ಎಕ್ಸರೇಯಿಂದ ಕೆಳಬೆನ್ನು ಮತ್ತು ತೊಡೆಸಂದಿನ ಮೂಳೆ ನೋಡುತ್ತಾರೆ. ಕಾಲು ಗಂಟೆಯ ಕೆಲಸ. ಸೂಜಿ ಇಲ್ಲ, ನೋವಿಲ್ಲ. ಅಂದು ಕ್ಯಾಲ್ಸಿಯಂ ಮಾತ್ರೆ ನುಂಗಬಾರದು. ಮೈಮೇಲೆ ಲೋಹದ ಹುಕ್ಸು, ಜಿಪ್ಪು ಇರಬಾರದು. ಅದಕ್ಕೇ ಜಿಪ್ಪಿಲ್ಲದ ನೈಟಿಯೊಂದನ್ನು ಹೊಲಿದು ಕೊಟ್ಟಿದ್ದೆ.

ರಿಪೋರ್ಟಿನಲ್ಲಿ ಟಿ ಸ್ಕೋರ್ ಎಂದಿರುತ್ತದೆ. ಆರೋಗ್ಯವಾಗಿರುವ ಪ್ರಾಯದವರ ಮೂಳೆಗೆ ಹೋಲಿಸಿ ಕೊಡುವ ಅಂಕ ಅದು. ಮೈನಸ್ 1ರವರೆಗೆ ಸರಿ. ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವಕಳಿ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಲೆಕ್ಕ ಇದು. ಹಿಮ್ಮಡಿಯ ಅಲ್ಟ್ರಾಸೌಂಡ್ ಯಂತ್ರ ಕೊಡುವ ಅಂಕಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಆ ಯಂತ್ರದಿಂದ ಯಾರಿಗೆ ಅಪಾಯ ಜಾಸ್ತಿ ಎಂದು ಅಂದಾಜು ಮಾಡಬಹುದು, ಕಾಯಿಲೆ ಇದೆ ಇಲ್ಲ ಎಂದು ತೀರ್ಮಾನಿಸಲಾಗದು.

ದೊಡ್ಡಮ್ಮನಿಗೆ ಬೆನ್ನಿನಲ್ಲಿ ಮೈನಸ್ 1.3, ತೊಡೆಸಂದಿನಲ್ಲಿ ಮೈನಸ್ 2.8 ಬಂತು. ಬೆನ್ನು ಪರವಾಗಿಲ್ಲ ಅಲ್ವಾ ಎಂದು ಡಾಕ್ಟರನ್ನು ಕೇಳಿದೆ. ಕುಸಿದು ಒತ್ತಿಕೊಂಡ ಮಣಿ ಸ್ಕ್ಯಾನಿನಲ್ಲಿ ಗಟ್ಟಿಯಾದಂತೆ ಕಾಣುತ್ತದೆ, ಕಡಿಮೆ ಇರುವ ಅಂಕವನ್ನೇ ನಂಬಬೇಕು ಎಂದರು. ವಾರಕ್ಕೊಂದು ಮಾತ್ರೆ ಶುರುವಾಯಿತು. ಖಾಲಿ ಹೊಟ್ಟೆಗೆ ನುಂಗಿ, ಅರ್ಧ ಗಂಟೆ ಮಲಗಬಾರದು.

ಮಾತ್ರೆ ಕೆಲಸ ಮಾಡಿದೆಯೇ ಎಂದು ತಿಳಿಯಲು ಒಂದೆರಡು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಆಗಬೇಕು, ಅದೂ ಅದೇ ಯಂತ್ರದಲ್ಲಿ. ಗಡಿನಾಡಿನವರಾದ ನಮಗೆ ಕಷ್ಟವಾಗುವುದು ಇಲ್ಲೇ. ಈ ಸಲ ಮಂಗಳೂರು, ಮುಂದಿನ ಸಲ ಮಗ ಇರುವ ಕಣ್ಣೂರು. ಬೇರೆ ಬೇರೆ ಯಂತ್ರದ ಅಂಕಗಳನ್ನು ನೇರವಾಗಿ ಹೋಲಿಸಲಾಗದು. ಅದೇ ಯಂತ್ರದಲ್ಲೂ ಸ್ವಲ್ಪ ಏರಿಳಿತ ಇದ್ದೇ ಇರುತ್ತದೆ. ಅಂಕ ಏರಿತೆಂದು ತಾವಾಗಿಯೇ ಮಾತ್ರೆ ಬಿಟ್ಟವರನ್ನು ಕಂಡು ನನಗೆ ಸಂಕಟವಾಗಿದೆ. 2020ರಲ್ಲಿ ಕೊರೊನಾ ಸಮಯದಲ್ಲಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು ಇನ್ನೂ ಮರೆತಿಲ್ಲ.

ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜು ನಮ್ಮ ಬಾಗಿಲಲ್ಲೇ ಇದೆ. ಬಸ್ಸಿನಲ್ಲಿ ಹೋಗಿ ಬರುವ ಬಡವರಿಗೂ ಪ್ರತಿ ಸಲ ಒಂದೇ ಕಡೆ ಡೆಕ್ಸಾ ಮಾಡಿಸಿಕೊಳ್ಳುವ ಅನುಕೂಲ ಅಲ್ಲಿ ಇರಬೇಕು, ಫಲಿತಾಂಶವನ್ನು ಕನ್ನಡದಲ್ಲಿ ವಿವರಿಸಬೇಕು. ಶಿಬಿರ ನಡೆಸುವವರಲ್ಲಿ ನನ್ನ ವಿನಂತಿ: 65 ದಾಟಿದ ಹೆಂಗಸರು, ಮುಟ್ಟು ನಿಂತ ಮೇಲೆ ಬಿದ್ದು ಮೂಳೆ ಮುರಿದುಕೊಂಡವರು, ಬಹುಕಾಲದಿಂದ ಸ್ಟೀರಾಯ್ಡ್ ಮಾತ್ರೆ ನುಂಗುವವರು ಬಂದರೆ ಹಿಮ್ಮಡಿಯ ಅಂಕ ಏನೇ ಇರಲಿ, ‘ಡಾಕ್ಟರಿಗೆ ತೋರಿಸಿ, ಡೆಕ್ಸಾ ಬೇಕೇ ಕೇಳಿ’ ಎಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡಿ.

ಇತಿ,
ಹೊಲಿಗೆ ಕೆಲಸದ ಒಬ್ಬ ಓದುಗಿ, ಬದಿಯಡ್ಕ, ಕಾಸರಗೋಡು