ನಿಕಲ್ ಹಾಕಿದರೆ ಏನು ಬರುತ್ತಿತ್ತು: ನಾಟಕ ಬರೆಯುತ್ತಿರುವ ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ನಾಟಕದ ಕರಡು ಓದಿದೆ. 1953ರ ನ್ಯೂಯಾರ್ಕು, ನೆಲದಡಿಯ ರೈಲಿನ ಅಂದರೆ ಸಬ್‌ವೇ ನಿಲ್ದಾಣ, ಅದರ ಪಕ್ಕದಲ್ಲೊಂದು ಊಟದ ಅಂಗಡಿ, ಒಳಗೆ ಕಾಸು ಹಾಕಿದರೆ ಹಾಡು ಕೇಳಿಸುವ ಜ್ಯೂಕ್‌ಬಾಕ್ಸು. ಜಾಗ ಚೆನ್ನಾಗಿ ಆರಿಸಿದ್ದೀಯ. ಆದರೆ ನಿನ್ನ ಪಾತ್ರಗಳು ಎಲ್ಲೆಡೆ "ಎಷ್ಟಾಯ್ತು?" ಅಂತ ಕೇಳಿ, ಜೇಬಿಗೆ ಕೈ ಹಾಕಿ, ಸಿಕ್ಕಿದ್ದನ್ನು ಕೊಟ್ಟು ಚಿಲ್ಲರೆ ವಾಪಸು ತಗೊಳ್ಳುತ್ತವೆ. ಎಡವಟ್ಟಾಗಿರುವುದು ಅಲ್ಲಿಯೇ. ಆ ಊರಲ್ಲಿ ಆ ಹೊತ್ತಿಗೆ ಸಣ್ಣಪುಟ್ಟ ಖರೀದಿ ಬಹಳಷ್ಟು ಯಂತ್ರಗಳ ಪಾಲಾಗಿತ್ತು. ಯಂತ್ರ ಚೌಕಾಸಿ ಮಾಡುವುದಿಲ್ಲ, ಬಹುಪಾಲು ಚಿಲ್ಲರೆಯನ್ನೂ ಕೊಡುವುದಿಲ್ಲ. ಅದಕ್ಕೆ ಗುರುತು ಸಿಗುವುದು ಒಂದೋ ಎರಡೋ ನಾಣ್ಯ ಮಾತ್ರ. ಹಾಗಾಗಿ ಬೆಲೆ ಏರಬೇಕೆಂದರೂ ಅಂಗಡಿಯವನ ಲೆಕ್ಕದಂತೆ ಏರುತ್ತಿರಲಿಲ್ಲ, ನಾಣ್ಯದ ಮೆಟ್ಟಿಲು ಇದ್ದಂತೆ ಏರುತ್ತಿತ್ತು. ಇಂಟರ್ನೆಟ್ಟಿನಲ್ಲಿ ಸಿಗುವ "1950ರ ಬೆಲೆಪಟ್ಟಿ"ಗಳನ್ನು ಎಷ್ಟು ಓದಿದರೂ ಇದು ತಿಳಿಯುವುದಿಲ್ಲ.

ಮೊದಲು ನಾಣ್ಯಗಳು. ಪೆನ್ನಿ ಒಂದು ಸೆಂಟು. ನಿಕಲ್ ಐದು, ಡೈಮ್ ಹತ್ತು, ಕ್ವಾರ್ಟರ್ ಇಪ್ಪತ್ತೈದು. ಡೈಮ್ ನಿಕಲ್‌ಗಿಂತ ಚಿಕ್ಕದು ಎಂಬುದನ್ನು ನಟರಿಗೆ ಹೇಳಿಡು: ಡೈಮ್ ಬೆಳ್ಳಿಯದು, ಎರಡೂವರೆ ಗ್ರಾಂ; ನಿಕಲ್ ಸರಿಯಾಗಿ ಐದು ಗ್ರಾಂ, ಅದರಲ್ಲಿ ಮುಕ್ಕಾಲು ಪಾಲು ತಾಮ್ರವೇ. ಬೆಲೆ ಅಂದಾಜಿಗೆ ಬರಲಿ ಎಂದು ಹೇಳುವುದಾದರೆ, 1949ರ ಅಪಮೌಲ್ಯದ ನಂತರ ಡಾಲರಿಗೆ ನಾಲ್ಕು ರೂಪಾಯಿ ಎಪ್ಪತ್ತಾರು ಪೈಸೆಯ ಲೆಕ್ಕ. ಒಂದು ನಿಕಲ್ ನಮ್ಮ ನಾಲ್ಕಾಣೆಯ ಪಾವಲಿಗಿಂತ ಕೂದಲೆಳೆಯಷ್ಟು ಕಮ್ಮಿ. ಆದರೆ ಆ ಲೆಕ್ಕ ನಿನ್ನ ಪಾತ್ರಕ್ಕೆ ಉಪಯೋಗವಿಲ್ಲ. 1950ರಿಂದ 1956ರ ಫೆಬ್ರವರಿವರೆಗೆ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 75 ಸೆಂಟು. ಅಂದರೆ ಒಂದು ನಿಕಲ್ ನಾಲ್ಕು ನಿಮಿಷದ ದುಡಿಮೆ. ಹಾಗೆ ಅಳೆದುಕೊಂಡರೆ ನಿನ್ನ ಹೋಟೆಲ್ ಹುಡುಗಿ ಯಾವುದಕ್ಕೆ ಹಿಂದೆಮುಂದೆ ನೋಡುತ್ತಾಳೆ, ಯಾವುದಕ್ಕೆ ನೋಡುವುದಿಲ್ಲ ಎಂಬುದು ತಾನಾಗಿ ಗೊತ್ತಾಗುತ್ತದೆ.

ಕೋಕಾ ಕೋಲಾದ ಕತೆ ಕೇಳು, ಅದು ಇಡೀ ವಿಷಯಕ್ಕೆ ಕೀಲಿಕೈ. ಆರೂವರೆ ಔನ್ಸಿನ ಲೋಟ ಇಲ್ಲವೇ ಬಾಟಲಿ, ಬೆಲೆ ಒಂದು ನಿಕಲ್. 1886ರಿಂದ ಹೆಚ್ಚುಕಮ್ಮಿ 1959ರವರೆಗೆ ಅದೇ ಬೆಲೆ. ಎರಡು ಮಹಾಯುದ್ಧ ಬಂದುಹೋದವು, ಸಕ್ಕರೆ ಬೆಲೆ ಹತ್ತಿ ಇಳಿಯಿತು, ಬಾಟಲಿ ಮಾತ್ರ ಐದೇ ಸೆಂಟು. ಕಂಪನಿಯ ಔದಾರ್ಯ ಅಂದುಕೊಳ್ಳಬೇಡ. 1950ರ ವೇಳೆಗೆ ದೇಶದಲ್ಲಿದ್ದ ಸುಮಾರು 4,60,000 ಮಾರಾಟಯಂತ್ರಗಳಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಕೋಕಾ ಕೋಲಾದವೇ, ಅವು ನುಂಗುತ್ತಿದ್ದದ್ದು ನಿಕಲ್. ಆರು ಸೆಂಟು ಮಾಡೋಣವೆಂದರೆ ಆರು ಸೆಂಟಿನ ನಾಣ್ಯವಿಲ್ಲ. ಡೈಮ್ ಮಾಡಿದರೆ ಒಂದೇ ಏಟಿಗೆ ಬೆಲೆ ಇಮ್ಮಡಿ. ಕೆಲವು ಬಾಟ್ಲಿಂಗ್‌ನವರು ಒಂದು ಉಪಾಯ ಮಾಡಿದರು: ಪ್ರತಿ ಒಂಬತ್ತನೇ ಜಾಗದಲ್ಲಿ ಖಾಲಿ ಬಾಟಲಿ ಇಡುವುದು. ಒಂಬತ್ತು ನಿಕಲ್ ಬಿದ್ದರೆ ಎಂಟೇ ಬಾಟಲಿ ಖರ್ಚು, ಅಂದರೆ ಬಾಟಲಿಗೆ 5.625 ಸೆಂಟು ಗಿಟ್ಟಿದಂತೆ. ಖಾಲಿ ಬಾಟಲಿ ಬಂದವನು ಇನ್ನೊಂದು ನಿಕಲ್ ಹಾಕಬೇಕು, ಬೈದುಕೊಂಡು. ನಿನ್ನ ನಾಟಕದಲ್ಲಿ ಒಂದು ನಗುವಿಗೆ ಜಾಗ ಬೇಕಿದ್ದರೆ ಇಲ್ಲಿದೆ. 1953ರಲ್ಲಿ ಕಂಪನಿಯ ಮುಖ್ಯಸ್ಥ ರಾಬರ್ಟ್ ವುಡ್ರಫ್ ಏಳೂವರೆ ಸೆಂಟಿನ ಹೊಸ ನಾಣ್ಯ ಟಂಕಿಸಬೇಕೆಂದು ಅಧ್ಯಕ್ಷ ಐಸೆನ್‌ಹೋವರ್‌ಗೇ ಕೇಳಿಕೊಂಡ. ಒಂದು ಶರಬತ್ತಿಗಾಗಿ ದೇಶದ ನಾಣ್ಯ ಬದಲಿಸಿ ಎನ್ನುವ ಧೈರ್ಯ ನೋಡು! ಸರ್ಕಾರ ಒಪ್ಪಲಿಲ್ಲ.

ಈಗ ಯಂತ್ರದೊಳಗೆ. ನಿನ್ನ ಎರಡನೇ ದೃಶ್ಯದಲ್ಲಿ ಹುಡುಗ ತಗಡಿನ ಬಿಲ್ಲೆ ಹಾಕಿ ಯಂತ್ರಕ್ಕೆ ಮೋಸ ಮಾಡುತ್ತಾನೆ. ಅಷ್ಟು ಸುಲಭವಿರಲಿಲ್ಲ ಮಾರಾಯ. ತೂತಿನೊಳಗೆ ಬಿದ್ದ ನಾಣ್ಯ ಮೊದಲು ಒಂದು ಸಣ್ಣ ತೊಟ್ಟಿಲ ಮೇಲೆ ಕೂರುತ್ತದೆ. ಅಳತೆ ಚಿಕ್ಕದಾದರೆ ಅಲ್ಲಿಂದಲೇ ಜಾರಿ ವಾಪಸು. ತೂಕ ಸಾಲದಿದ್ದರೆ ತೊಟ್ಟಿಲು ವಾಲುವುದಿಲ್ಲ. ನಡುವೆ ತೂತಿರುವ ವಾಷರ್ ಹಾಕಿದರೆ ಒಂದು ಕೊಕ್ಕೆ ಅದನ್ನು ಹಿಡಿದುಬಿಡುತ್ತದೆ. ಅಲ್ಲಿಂದ ಪಾರಾದದ್ದು ಅಯಸ್ಕಾಂತದ ಮುಂದೆ ಉರುಳಬೇಕು. ಕಬ್ಬಿಣವಾದರೆ ಅಲ್ಲೇ ಅಂಟಿತು. ತಾಮ್ರ, ಸತುವಿನ ಬಿಲ್ಲೆ ಅಂಟುವುದಿಲ್ಲ, ಆದರೆ ಅವುಗಳಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುವುದರಿಂದ ಅಯಸ್ಕಾಂತದ ಮುಂದೆ ವೇಗ ತಗ್ಗುತ್ತದೆ. ತಗ್ಗಿದ್ದು ಹತ್ತಿರ ಬೀಳುತ್ತದೆ, ಅದು ವಾಪಸಿನ ಹಾದಿ. ನಿಜವಾದ ನಿಕಲ್‌ನ ಮಿಶ್ರಲೋಹದಲ್ಲಿ ವಿದ್ಯುತ್ತು ಅಷ್ಟಾಗಿ ಹರಿಯದು, ಅದಕ್ಕೇ ಅದು ವೇಗವಾಗಿ ದಾಟುತ್ತದೆ. ಕೊನೆಗೆ ಒಂದು ಗಟ್ಟಿ ಉಕ್ಕಿನ ತುಂಡಿಗೆ ಬಡಿದು ಪುಟಿಯಬೇಕು. ಸೀಸದಂಥ ಮೆತ್ತನೆಯದು ಪುಟಿಯುವುದಿಲ್ಲ, ಒಪ್ಪಿಗೆಯ ಹಾದಿಗೆ ಬೀಳುವುದಿಲ್ಲ. ಇಷ್ಟೆಲ್ಲ ಒಂದು ಸೆಕೆಂಡಿನ ಆಸುಪಾಸಿನಲ್ಲಿ, ಒಂದು ಹನಿ ಕರೆಂಟೂ ಇಲ್ಲದೆ.

ಎಲ್ಲಿ ಕೆಡುತ್ತಿತ್ತು? ಸೊಟ್ಟಗಾದ ನಾಣ್ಯ ದಾರಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕೆನಡಾದ ಐದು ಸೆಂಟಿನ ನಾಣ್ಯವಂತೂ ಗಡಿ ಪಟ್ಟಣಗಳಲ್ಲಿ ದೊಡ್ಡ ತಲೆನೋವು: ಹಳೆಯದು ಅಪ್ಪಟ ನಿಕಲ್ ಲೋಹ, 1951ರಿಂದ 1954ರವರೆಗಿನದು ಕ್ರೋಮಿಯಂ ಲೇಪದ ಉಕ್ಕು, ಎರಡೂ ಅಯಸ್ಕಾಂತಕ್ಕೆ ಅಂಟುತ್ತವೆ. ಆಗ ಪಕ್ಕದ ಸನ್ನೆಗೋಲು ಒತ್ತಬೇಕು. ಒತ್ತಿದರೆ ಒಳಗಿನ ತಟ್ಟೆ ಬಾಯಿ ತೆರೆದು, ಅಯಸ್ಕಾಂತವನ್ನು ಒರೆಸಿದಂತೆ ಮಾಡಿ, ಅಂಟಿದ್ದನ್ನು ಕೆಳಗಿನ ಬಟ್ಟಲಿಗೆ ಉದುರಿಸುತ್ತದೆ. ಜನ ಸನ್ನೆ ಒತ್ತದೆ ಮುಷ್ಟಿಯಿಂದ ಗುದ್ದುತ್ತಿದ್ದರು, ಅದು ಬೇರೆ ಮಾತು. ನಿನ್ನ ಹುಡುಗ ಮೋಸ ಮಾಡಲೇಬೇಕೆಂದರೆ ಕೋಕ್ ಯಂತ್ರ ಬಿಟ್ಟು ಟೆಲಿಫೋನಿಗೆ ಹೋಗಲಿ.

ಟೆಲಿಫೋನ್ ಬೂತಿನಲ್ಲಿ ಮೂರು ತೂತು: ನಿಕಲ್, ಡೈಮ್, ಕ್ವಾರ್ಟರ್. ನ್ಯೂಯಾರ್ಕಿನಲ್ಲಿ ಸ್ಥಳೀಯ ಕರೆ 1951ರಲ್ಲಿ ಐದರಿಂದ ಹತ್ತು ಸೆಂಟಾಯಿತು. ನೀನು ಐದೇ ಬರೆದಿದ್ದೀಯ, ತಿದ್ದು. ರಿಸೀವರ್ ಎತ್ತಬೇಕು, ನಾಣ್ಯ ಹಾಕಬೇಕು, ಆಮೇಲೆ ಡಯಲ್ ಸದ್ದು. ನಾಟಕಕ್ಕೆ ಬೇಕಾದ್ದು ಇಲ್ಲಿನ ಶಬ್ದ: ನಿಕಲ್ ಬಿದ್ದರೆ ಗಂಟೆ ಒಂದು ಸಲ "ಟಿಂಗ್", ಡೈಮ್‌ಗೆ ಎರಡು ಸಲ "ಟಿಂಗ್ ಟಿಂಗ್", ಕ್ವಾರ್ಟರ್‌ಗೆ ದಪ್ಪನೆಯ "ಬಾಂಗ್". ದೂರದ ಊರಿಗೆ ಕರೆ ಮಾಡುವಾಗ ಆಪರೇಟರ್ ಹೆಂಗಸು ಈ ಸದ್ದನ್ನೇ ಕಿವಿಗೊಟ್ಟು ಎಣಿಸಿ ಹಣ ಬಂತೆಂದು ತೀರ್ಮಾನಿಸುತ್ತಿದ್ದಳು. ಹಾಕಿದ ನಾಣ್ಯ ಕೂಡಲೇ ಪೆಟ್ಟಿಗೆಗೆ ಬೀಳುವುದಿಲ್ಲ, ನಡುವಿನ ಒಂದು ಗೂಡಿನಲ್ಲಿ ಕಾಯುತ್ತಿರುತ್ತದೆ. ಕರೆ ಸಿಕ್ಕಿದರೆ ಎಕ್ಸ್‌ಚೇಂಜಿನಿಂದ ತಂತಿಯ ಮೇಲೆ ನೂರಕ್ಕೂ ಹೆಚ್ಚು ವೋಲ್ಟು ಒಂದು ದಿಕ್ಕಿಗೆ ಬಂದು ನಾಣ್ಯವನ್ನು ಪೆಟ್ಟಿಗೆಗೆ ತಳ್ಳುತ್ತದೆ. ಸಿಗದಿದ್ದರೆ ಉಲ್ಟಾ ದಿಕ್ಕಿಗೆ ಬಂದು ವಾಪಸು ಬೀಳಿಸುತ್ತದೆ. ಪುಂಡರ ಕೆಲಸವೆಂದರೆ ಆ ವಾಪಸಿನ ಕೊಳವೆಗೆ ಕೆಳಗಿನಿಂದ ಕಾಗದ ತುರುಕುವುದು. ದಿನವಿಡೀ ಬೇರೆಯವರ ನಾಣ್ಯ ಅಲ್ಲೇ ಸಿಕ್ಕಿಕೊಂಡಿರುತ್ತದೆ, ಸಂಜೆ ಬಂದು ಕಾಗದ ಎಳೆದರೆ ಎಲ್ಲಾ ಒಟ್ಟಿಗೆ ಸುರಿಯುತ್ತದೆ. ನಿನ್ನ ಹುಡುಗನಿಗೆ ಇದು ಒಪ್ಪುತ್ತದೆ.

ಸಬ್‌ವೇ ದೃಶ್ಯಕ್ಕೆ ತಿಂಗಳು ಗೊತ್ತುಮಾಡು, ಅದಿಲ್ಲದೆ ಆಗದು. 1904ರಿಂದ ನಿಕಲ್, 1948ರ ಜುಲೈ 1ರಿಂದ ಡೈಮ್. ತೂತಿನ ಅಳತೆ ಬದಲಿಸಿದರು, ಮುಗಿಯಿತು. 1953ರ ಜುಲೈ 25ಕ್ಕೆ ಹದಿನೈದು ಸೆಂಟಾದಾಗ ಗೇಟಿನ ಯಂತ್ರ ಎರಡು ನಾಣ್ಯ ಕೂಡಿಸಿ ಎಣಿಸಲಾರದೆ ಹೋಯಿತು. ಹಾಗೆ ಹುಟ್ಟಿದ್ದು ಟೋಕನ್: ಡೈಮ್‌ಗಿಂತಲೂ ಚಿಕ್ಕದು, ನಡುವೆ ನಗರದ ಹೆಸರಿನ ಮೊದಲಕ್ಷರಗಳಲ್ಲಿ ಒಂದಾದ ವೈ ಅಕ್ಷರದ ಸುತ್ತ ಲೋಹ ಕತ್ತರಿಸಿದ್ದು. ಮೇ ತಿಂಗಳ ದೃಶ್ಯವಾದರೆ ನಾಯಕ ಡೈಮ್ ಹಾಕಿ ಗೇಟು ದೂಡಬೇಕು. ಆಗಸ್ಟ್ ಆದರೆ ಮೊದಲು ಟಿಕೆಟ್ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು ಟೋಕನ್ ಕೊಳ್ಳಬೇಕು. ನನ್ನನ್ನು ಕೇಳಿದರೆ ಆಗಸ್ಟೇ ಇರಲಿ. ಸೆಖೆ, ಹೊಸ ಬಿಲ್ಲೆ, ಗೊಣಗಾಟ, ಎಲ್ಲ ಒಟ್ಟಿಗೆ ಸಿಗುತ್ತದೆ.

ಊಟದ ಅಂಗಡಿಯನ್ನು ಹಾರ್ನ್ ಅಂಡ್ ಹಾರ್ಡಾರ್ಟ್‌ನವರ ಆಟೋಮ್ಯಾಟ್ ಮಾಡಿದರೆ ಹೇಗೆ? ನ್ಯೂಯಾರ್ಕಿನಲ್ಲಿ 1912ರಿಂದ ಇತ್ತು. ಗೋಡೆ ತುಂಬ ಗಾಜಿನ ಸಣ್ಣ ಬಾಗಿಲು, ಒಳಗೆ ಪೈ, ಸ್ಯಾಂಡ್‌ವಿಚ್, ಬೀನ್ಸು. ನಿಕಲ್ ಹಾಕಿ ಗುಂಡಿ ತಿರುಗಿಸಿದರೆ ಬಾಗಿಲು ತೆರೆಯುತ್ತದೆ. ಬೆಲೆ ಹೆಚ್ಚಿದ್ದರೆ ಹೆಚ್ಚು ನಿಕಲ್. ಡಾಲರ್ ನೋಟು ತಂದವನಿಗೆ ಗಾಜಿನ ಗೂಡಿನಲ್ಲಿ ಕೂತ ಹೆಂಗಸು ಇಪ್ಪತ್ತು ನಿಕಲ್ ಎಸೆದುಕೊಡುತ್ತಾಳೆ, ನೋಡದೆಯೇ, ಬೆರಳಿಗೆ ರಬ್ಬರ್ ಟೋಪಿ ಹಾಕಿಕೊಂಡು. ಈ ಪಾತ್ರವನ್ನು ಬಿಡಬೇಡ. ಕಾಫಿ ಸುರಿಯುವುದು ಡಾಲ್ಫಿನ್ ಮೂತಿಯ ನಲ್ಲಿಯಿಂದ. ಅದರ ಬೆಲೆ 1950ರವರೆಗೆ ಒಂದು ನಿಕಲ್, ಆಮೇಲೆ ಎರಡು. ಗಿರಾಕಿಗಳು ಇದನ್ನು ಸುಲಭಕ್ಕೆ ಕ್ಷಮಿಸಲಿಲ್ಲ.

ಜ್ಯೂಕ್‌ಬಾಕ್ಸಿಗೆ ಸೀಬರ್ಗ್ ಎಂದು ಬರೆದಿರುವುದು ಸರಿ. 1950ರ ಅವರ ಎಂ100ಬಿ ಯಂತ್ರವೇ 45 ಆರ್‌ಪಿಎಂ, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆ ಹಾಡಿಸಿದ ಮೊದಲನೆಯದು, ಐವತ್ತು ತಟ್ಟೆ, ನೂರು ಹಾಡು. ಮೇಜಿನ ಮೇಲೂ ಗೋಡೆಪೆಟ್ಟಿಗೆ ಇರುತ್ತಿತ್ತು: ನಾಣ್ಯ ಹಾಕಿ ಒಂದು ಅಕ್ಷರ, ಒಂದು ಅಂಕಿ ಒತ್ತಿದರೆ ತಂತಿ ಮೂಲಕ ದೊಡ್ಡ ಯಂತ್ರಕ್ಕೆ ಆಜ್ಞೆ. ಹಾಡಿನ ಬೆಲೆ ಆಗ ನಿಕಲ್‌ನಿಂದ ಡೈಮ್‌ಗೆ ಜಾರುತ್ತಿದ್ದ ಕಾಲ, ಯಾವುದು ಬರೆದರೂ ನಡೆಯುತ್ತದೆ. ಕಾಮಿಕ್ಸ್ ಪುಸ್ತಕ ಹತ್ತು ಸೆಂಟು. 1953ರ ಏಪ್ರಿಲ್‌ನಲ್ಲಿ ಹೊರಬಂದ ಟಿವಿ ಗೈಡ್ ವಾರಪತ್ರಿಕೆ ಹದಿನೈದು. ಕಾಗದಕ್ಕೆ ಅಂಚೆಚೀಟಿ ಮೂರು ಸೆಂಟು, 1958ರವರೆಗೂ.

ಸಿಗರೇಟು ಯಂತ್ರದ್ದು ನನಗೆ ಬಲು ಇಷ್ಟವಾದ ವಿವರ. ಪ್ಯಾಕಿಗೆ ಇಪ್ಪತ್ತಮೂರೋ ಎಷ್ಟೋ ಸೆಂಟು, ಯಂತ್ರಕ್ಕೆ ಬೇಕಾದದ್ದು ಕ್ವಾರ್ಟರ್, ಚಿಲ್ಲರೆ ಕೊಡಲು ಬಾರದು. ಹಾಗಾಗಿ ಎರಡು ಪೆನ್ನಿಗಳನ್ನು ಪ್ಯಾಕಿನ ಮೇಲಿನ ಪಾರದರ್ಶಕ ಸೆಲೋಫೇನ್ ಹೊದಿಕೆಯೊಳಗೇ ಮೊದಲೇ ಸೇರಿಸಿಡುತ್ತಿದ್ದರು. ಪ್ಯಾಕು ಒಡೆದರೆ ಚಿಲ್ಲರೆ ಸಿಗುತ್ತಿತ್ತು. ನಿನ್ನ ಪತ್ತೇದಾರ ಕಿಸೆಯಿಂದ ಹೊಸ ಪ್ಯಾಕು ತೆಗೆದಾಗ ಪೆನ್ನಿ ಉದುರಿದರೆ, ಅವನು ಅದನ್ನು ಅಂಗಡಿಯಲ್ಲಿ ಕೊಳ್ಳಲಿಲ್ಲ ಎಂದು ನೋಡುವವರಿಗೆ ತಿಳಿಯಲಿ.

ಮೂರನೇ ಅಂಕ 1955ಕ್ಕೆ, ವಿಮಾನ ನಿಲ್ದಾಣಕ್ಕೆ ಹೋಗುತ್ತದಲ್ಲ, ಅಲ್ಲೂ ಒಂದು ಯಂತ್ರವಿದೆ: ಕ್ವಾರ್ಟರ್ ಹಾಕಿದರೆ ಆ ಒಂದು ಪ್ರಯಾಣಕ್ಕೆ ಜೀವವಿಮೆ. ಆ ವರ್ಷ ನವೆಂಬರ್ 1ರಂದು ಡೆನ್ವರ್‌ನಿಂದ ಹೊರಟ ಯುನೈಟೆಡ್ ವಿಮಾನ 629 ಆಕಾಶದಲ್ಲೇ ಸ್ಫೋಟಿಸಿ 44 ಜನ ಸತ್ತರು. ಜ್ಯಾಕ್ ಗಿಲ್ಬರ್ಟ್ ಗ್ರಹಾಂ ಎಂಬವನು ತಾಯಿಯ ಪೆಟ್ಟಿಗೆಯಲ್ಲಿ ಡೈನಮೈಟ್ ಇಟ್ಟು, ನಿಲ್ದಾಣದ ಯಂತ್ರದಿಂದಲೇ ಅವಳ ಹೆಸರಿಗೆ 37,500 ಡಾಲರಿನ ವಿಮೆ ತೆಗೆದಿದ್ದ. ತಾಯಿಯ ಸಹಿ ಇಲ್ಲದ್ದರಿಂದ ಆ ಕಾಗದಕ್ಕೆ ಬೆಲೆಯೇ ಇರಲಿಲ್ಲ. 1957ರ ಜನವರಿಯಲ್ಲಿ ಅವನಿಗೆ ಮರಣದಂಡನೆಯಾಯಿತು. ನಿನ್ನ ಅಂಕ ನವೆಂಬರ್ ನಂತರದ್ದಾದರೆ ಆ ಯಂತ್ರದ ಮುಂದೆ ನಿಂತವರು ಈ ಸುದ್ದಿ ಆಡದೆ ಇರಲಾರರು.

ರಂಗದ ಮೇಲೆ ನಿಜ ನಾಣ್ಯ ಬಳಸುವುದಾದರೆ: ಡೈಮ್‌ನಲ್ಲಿ ರೂಸ್ವೆಲ್ಟ್ ಮುಖ 1946ರಿಂದ, ನಿಕಲ್‌ನಲ್ಲಿ ಜೆಫರ್ಸನ್ 1938ರಿಂದ. ಅದಕ್ಕೂ ಹಿಂದಿನ ಕಾಡೆಮ್ಮೆಯ ನಿಕಲ್ ಕೂಡ ಆಗ ಚಲಾವಣೆಯಲ್ಲಿತ್ತು. ಪೆನ್ನಿಯ ಹಿಂಬದಿಯಲ್ಲಿ ಗೋಧಿ ತೆನೆ ಇರಬೇಕು. ಲಿಂಕನ್ ಸ್ಮಾರಕದ ಚಿತ್ರ ಇದ್ದರೆ ಅದು 1959ರ ನಂತರದ್ದು. ಡೈಮ್, ಕ್ವಾರ್ಟರಿನ ಅಂಚಿನಲ್ಲಿ ತಾಮ್ರದ ಗೆರೆ ಕಂಡರೆ ಬೇಡ: ಅದು 1965ರಲ್ಲಿ ಬೆಳ್ಳಿ ಕೈಬಿಟ್ಟ ಮೇಲಿನದು. ಆ ಹೊಸ ಲೋಹವನ್ನೂ ಹಳೆಯ ಯಂತ್ರಗಳು ತಿರಸ್ಕರಿಸದಂತೆ ನೋಡಿಕೊಂಡೇ ಆರಿಸಿದ್ದರು.

ಇನ್ನೊಂದು. ಕಡೆಯ ದೃಶ್ಯವನ್ನು ನ್ಯೂ ಆರ್ಲಿಯನ್ಸ್‌ಗೆ ಒಯ್ಯುವ ಯೋಚನೆ ಇದೆ ಅಂದಿದ್ದೆ. ಹಾಗಿದ್ದರೆ ಅಲ್ಲಿ ಟೆಲಿಫೋನಿಗೆ ನಿಕಲ್ಲೇ ಇರಲಿ, ಲೂಯಿಸಿಯಾನಾದಲ್ಲಿ ಎಪ್ಪತ್ತರ ದಶಕದವರೆಗೂ ಅದೇ ದರ. ತಿದ್ದಿದ ಎರಡನೇ ಅಂಕ ಕಳಿಸು.

ನಿನ್ನ ಗೆಳೆಯ